ಹೆಸರು ಬಯಲಾಗಬಾರದು

“ಒಳಗೆ ಬಿಡೋಕಾಗಲ್ಲ ಬ್ರಾಡ್. ನೀನು ಹಾಗಿರಲಿ, ನಿಮ್ಮ ಆಫೀಸಿನ ಬೆಕ್ಕು ಬಂದ್ರೂ ಬಿಡೋ ಹಾಗಿಲ್ಲ.”

ಸಾರಿಗೆ ಇಲಾಖೆಯ ಬಾಗಿಲಲ್ಲಿ ನಿಂತು ಹೀಗೆಂದವನು ಹೊರೇಸ್ ಮಬ್ರಿ. ಪೊಲೀಸ್ ಕೆಲಸದಲ್ಲಿದ್ದಾಗ ನಾವಿಬ್ಬರೂ ಒಂದೇ ಠಾಣೆಯವರು. ನಿವೃತ್ತಿಯಾದ ಮೇಲೆ ಅವನು ಸರ್ಕಾರಿ ಕಟ್ಟಡದ ಕಾವಲಿಗೆ ಹೋದ, ನಾನು ವಕೀಲರ ಸಂಸ್ಥೆಯೊಂದಕ್ಕೆ ಪತ್ತೇದಾರನಾಗಿ ಸೇರಿಕೊಂಡೆ. ಇಷ್ಟು ವರ್ಷ ಅವನು ನನ್ನ ಗುರುತಿನ ಕಾರ್ಡು ಕೇಳಿದವನೇ ಅಲ್ಲ.

“ನಾನು ವಕೀಲ ಅಲ್ಲ ಕಣೋ. ಸಂಬಳಕ್ಕಿರೋ ಮನುಷ್ಯ.”

“ಆರ್ಡರಲ್ಲಿ ‘ನೌಕರರೂ ಸೇರಿ’ ಅಂತಿದೆ. ನಿನ್ನ ಮುಖ ನೆನೆಸ್ಕೊಂಡೇ ಬರೆದಿದ್ದಾರೇನೋ.”

ನನ್ನ ಪಕ್ಕದಲ್ಲಿ ಸೀಲಿಯಾ ರೆಂಡನ್ ಫೈಲು ಅವುಚಿಕೊಂಡು ನಿಂತಿದ್ದಳು. ನಮ್ಮ ಸಂಸ್ಥೆಯ ಕಿರಿಯ ವಕೀಲೆ. ಅವಳ ಕಕ್ಷಿದಾರನೊಬ್ಬ, ಬೆನ್ನು ಮುರಿದುಕೊಂಡ ಮುದಿ ಲಾರಿ ಡ್ರೈವರು, ಅಂದು, ಸೋಮವಾರ, ಇಲಾಖೆಯ ಅಧಿಕಾರಿಗಳ ಮುಂದೆ ಹಾಜರಾಗಬೇಕಿತ್ತು. ಹೊರೇಸ್ ಅವನ ಅಂಗಿಗೆ ತಾರೀಖು ಒತ್ತಿದ ಬಿಳಿ ಸ್ಟಿಕರ್ ಅಂಟಿಸಿದ. ಒಳಗಿನಿಂದ ಒಬ್ಬ ಗುಮಾಸ್ತ ಬಂದು ಕರೆದುಕೊಂಡು ಹೊರಟ. ಒಳಗಿನವರು ಬಂದು ಕರೆದೊಯ್ಯದೆ ಹೊರಗಿನವರು ಆ ಕಟ್ಟಡದಲ್ಲಿ ನೀರು ಕುಡಿಯಲಿಕ್ಕೂ ಹೋಗುವಂತಿಲ್ಲ.

“ನೀನು ಬರಲ್ವೇನಮ್ಮಾ?” ಮುದುಕ ತಿರುಗಿ ಕೇಳಿದ.

“ನೀವು ಹೋಗಿ ಮಿಸ್ಟರ್ ಪೂಲ್. ನಾನು ಹೇಳಿಕೊಟ್ಟಿದ್ದನ್ನೇ ಹೇಳಿ. ಗಾಬರಿ ಆಗ್ಬೇಡಿ.”

ಗಾಬರಿಯಾಗಿದ್ದವಳು ಅವಳೇ. ವಕೀಲೆಯನ್ನು ಬೀದಿಯಲ್ಲಿ ನಿಲ್ಲಿಸಿ, ನೆಟ್ಟಗೆ ನಿಲ್ಲಲಾಗದ ಮುದುಕನನ್ನು ಒಬ್ಬನೇ ಒಳಗೆ ಕಳಿಸುವುದು ಯಾವ ಸೀಮೆಯ ನ್ಯಾಯವೋ ಕಾಣೆ.

“ಗುರುವಾರದಿಂದ ನಮ್ಮೋರು ಯಾರೂ ಒಳಗೆ ಹೋಗಿಲ್ವಾ?” ಹೊರೇಸನನ್ನು ಕೇಳಿದೆ.

“ಈ ಬಾಗಿಲಲ್ಲಂತೂ ಇಲ್ಲ. ಬಂದೋರನ್ನೆಲ್ಲ ವಾಪಸ್ ಕಳಿಸಿದೀನಿ. ಹೋಗ್ತಾ ಹೋಗ್ತಾ ನಮ್ಮಪ್ಪ ಅಮ್ಮನ್ನೂ ಬೈದಿದ್ದಾರೆ. ಓದಿದೋರು ನೋಡು.”

ಗುರುವಾರ ಸಂಜೆ ಶ್ವೇತಭವನದಿಂದ ಹೊರಟ ಆದೇಶ ನಮ್ಮ ‘ಡನ್‌ವುಡಿ ಕೀಲ್’ ಸಂಸ್ಥೆಯ ಕುತ್ತಿಗೆಗೇ ಕೈ ಹಾಕಿತ್ತು. ನಮ್ಮವರು ಸರ್ಕಾರಿ ಕಟ್ಟಡಗಳಿಗೆ ಕಾಲಿಡಬಾರದು. ಸರ್ಕಾರದ ರಹಸ್ಯ ಕಡತ ನೋಡಲು ಇದ್ದ ಅನುಮತಿ ರದ್ದು. ಸರ್ಕಾರದ ಗುತ್ತಿಗೆ ಬೇಕೆನ್ನುವ ಕಂಪನಿಗಳು ನಮ್ಮ ಜೊತೆ ವ್ಯವಹಾರವಿದ್ದರೆ ಬಾಯಿಬಿಟ್ಟು ಹೇಳಬೇಕು. ಶುಕ್ರವಾರ ಮಧ್ಯಾಹ್ನಕ್ಕೇ ಇಬ್ಬರು ದೊಡ್ಡ ಕಕ್ಷಿದಾರರು ನಮಗೆ ಕೈಮುಗಿದು ಹೊರಟುಹೋದರು.

ಅದನ್ನೆಲ್ಲ ವಕೀಲರು ನೋಡಿಕೊಳ್ಳಲಿ. ನನ್ನ ನಿದ್ದೆ ಕೆಡಿಸಿದ್ದು ಆ ಆದೇಶದ ಒಂದೇ ಸಾಲು: ಇಲಾಖೆಯ ಗುಟ್ಟು ಕದ್ದವರೊಬ್ಬರಿಗೆ ಈ ಸಂಸ್ಥೆ ಆಶ್ರಯ ಕೊಟ್ಟಿದೆ, ಎಂದು ಅದರಲ್ಲಿ ಬರೆದಿತ್ತು.

ಹಾಗೊಬ್ಬರು ಇದ್ದದ್ದು ನಿಜ. ಹೆಸರು ಡೋರೀನ್ ಹಸ್ಕೆಟ್. ಇಲಾಖೆಯ ಹಿರಿಯ ಇಂಜಿನಿಯರ್. ತಪಾಸಣೆಯಲ್ಲಿ ನಾಪಾಸಾದ ಸೇತುವೆಗಳನ್ನು ಮೇಲಿನವರು ಪಾಸು ಮಾಡಿಸುತ್ತಿದ್ದಾರೆ, ಜನ ಸಾಯುತ್ತಾರೆ ಎಂದು ಹೇಳಿಕೊಂಡು ನಮ್ಮಲ್ಲಿಗೆ ಬಂದಿದ್ದಳು. ಹೆಸರು ಹೊರಬಿದ್ದರೆ ಕೆಲಸ ಹೋಗುವುದಲ್ಲದೆ ಜೈಲೂ ಆಗಬಹುದು. ಹೆಸರು ಯಾರಿಗೂ ಹೇಳುವುದಿಲ್ಲ ಎಂದು ನಾನೇ ಅವಳ ಕೈ ಹಿಡಿದು ಮಾತು ಕೊಟ್ಟಿದ್ದೆ.

ಅಂಥ ಕಕ್ಷಿದಾರರಿದ್ದಾರೆ ಎಂಬುದು ಸಂಸ್ಥೆಯಲ್ಲಿ ಗೊತ್ತಿದ್ದದ್ದು ಮೂವರಿಗೆ ಮಾತ್ರ. ಸಂಸ್ಥೆ ಕಟ್ಟಿದ ಹೆಸ್ಟರ್ ಡನ್‌ವುಡಿ, ಕೇಸು ನೋಡುತ್ತಿದ್ದ ಸೀಲಿಯಾ, ಮತ್ತೆ ನಾನು. ಮೂವರಲ್ಲಿ ಒಬ್ಬರು ಸುದ್ದಿ ಕೊಟ್ಟಿರಬೇಕು. ಹೆಸ್ಟರ್ ಮೇಲೆ ಅನುಮಾನ ಪಡುವ ಧೈರ್ಯ ಯಾರಿಗೂ ಇಲ್ಲ. ಅದು ಯಾರೆಂದು ಪತ್ತೆ ಹಚ್ಚುವ ಕೆಲಸ ನನಗೇ ಕೊಟ್ಟಿದ್ದರಿಂದ, ನನ್ನ ಮೇಲೆ ಅನುಮಾನ ಪಡಬೇಕಾದವನು ನಾನೇ. ಉಳಿದವಳು ಸೀಲಿಯಾ.

ಊಟವಾದ ಮೇಲೆ ಪಾಲುದಾರರ ಸಭೆಯಿತ್ತು. ಅಷ್ಟರೊಳಗೆ ನಾನು ಬೇರೆ ಹೆಸರು ಕೊಡದಿದ್ದರೆ ಅವಳನ್ನು ಹೊರಹಾಕಿ, ಸನ್ನದು ಕಿತ್ತುಕೊಳ್ಳಿ ಎಂದು ವಕೀಲರ ಪರಿಷತ್ತಿಗೂ ದೂರು ಕೊಡುವವರಿದ್ದರು.

“ಬ್ರಾಡ್, ನೀವಾದ್ರೂ ನನ್ನ ನಂಬ್ತೀರಾ?” ಫುಟ್‌ಪಾತಿನಲ್ಲಿ ನಡೆಯುತ್ತ ಸೀಲಿಯಾ ಕೇಳಿದಳು.

“ಆ ಮುದುಕನಿಗೆ ನಿನ್ನ ಕೈಯಾರೆ ಟೈ ಕಟ್ಟಿಕೊಟ್ಯಲ್ಲ ಬೆಳಿಗ್ಗೆ. ಕಕ್ಷಿದಾರರನ್ನ ಮಾರ್ಕೊಳ್ಳೋರು ಟೈ ಕಟ್ಟಲ್ಲ.”

“ಅದು ಸಾಕ್ಷಿ ಆಗುತ್ತಾ?”

“ಆಗಲ್ಲ. ಅದಕ್ಕೇ ಬೇಗ ಬೇಗ ನಡಿ.”

ದಾರಿಯ ತುಂಬ ಚೆರಿ ಹೂವಿನ ಮುಂದೆ ಫೋಟೊ ತೆಗೆಸಿಕೊಳ್ಳುವ ಪ್ರವಾಸಿಗರು. ಇನ್ನೊಂದು ದಿನವಾಗಿದ್ದರೆ ಬೈದುಕೊಳ್ಳುತ್ತಿದ್ದೆ. ಅವತ್ತು ಅವರನ್ನು ಕಂಡು ಅಸೂಯೆಯಾಯಿತು.

ಹೋಗುತ್ತಲೇ ಅಕ್ಕನಿಗೆ ಫೋನು ಮಾಡಿದೆ. ಆದೇಶ ಬಂದದ್ದಕ್ಕೆ ಹೆದರಿದ ಡೋರೀನ್ ಭಾನುವಾರ ಒಂದು ಬ್ಯಾಗು ಹಿಡಿದುಕೊಂಡು ನನ್ನ ಮನೆ ಬಾಗಿಲಿಗೆ ಬಂದಿದ್ದಳು. ಬ್ಯಾಗಿನೊಳಗೆ ಇಲಾಖೆಯ ಲ್ಯಾಪ್‌ಟಾಪು, ಸೇತುವೆಗಳ ಪುರಾವೆಯೆಲ್ಲ ಅದರಲ್ಲೇ ಇದೆ ಎಂದಳು. ಅವಳನ್ನು ನದಿಯಾಚೆ ಆನಕಾಸ್ಟಿಯಾದ ನನ್ನಕ್ಕ ವರ್ನೆಟ್ಟಾಳ ಮನೆಯಲ್ಲಿ ಬಿಟ್ಟು, ಬ್ಯಾಗನ್ನು ನಾನೇ ಅಕ್ಕನ ಮಂಚದ ಕೆಳಗೆ ತಳ್ಳಿ ಬಂದಿದ್ದೆ.

“ನಿನ್ನ ಗೆಳತಿ ಚೆನ್ನಾಗಿದ್ದಾಳೆ ಕಣೋ,” ಎಂದಳು ಅಕ್ಕ. “ಬೆಳಿಗ್ಗೆ ಮೀನು ಕರಿದೆ, ಎರಡು ಸಲ ಹಾಕಿಸ್ಕೊಂಡ್ಲು. ಇನ್ನೊಂದು ಮದುವೆ ಗಿದುವೆ ಯೋಚನೆ ಏನಾದ್ರೂ…”

“ಅಕ್ಕಾ! ಸುಮ್ನಿರು. ಯಾರಿಗೂ ಬಾಗಿಲು ತೆಗೀಬೇಡ.”

“ಇದು ನನ್ನ ಮನೆ. ನೀನು ಹೇಳ್ಬೇಡ,” ಎಂದು ಫೋನಿಟ್ಟಳು.

ಹೆಸ್ಟರ್ ಡನ್‌ವುಡಿಯ ಕೋಣೆಗೆ ಕಾಲಿಟ್ಟಾಗ ಅಲ್ಲಿ ಜಗಳ ಕಾದಿತ್ತು.

“ಆಯ್ತು, ಕೋರ್ಟಿಗೆ ಹೋಗಿ. ಗೆಲ್ಲಿ!” ಪ್ರೆಸ್ಟನ್ ಕೀಲ್ ಮೇಜು ಗುದ್ದುತ್ತಿದ್ದ. ಹೆಸ್ಟರ್ ಜೊತೆ ಸಂಸ್ಥೆ ಕಟ್ಟಿದವರ ಮಗ, ಈಗ ಅರ್ಧ ಸಂಸ್ಥೆಗೆ ಯಜಮಾನ. “ಗೆಲ್ಲೋ ಹೊತ್ತಿಗೆ ಇಲ್ಲಿ ಕುರ್ಚಿ ಮೇಜು ಬಿಟ್ರೆ ಯಾರೂ ಇರಲ್ಲ. ಇಂಥದೇ ಆರ್ಡರ್ ಬಂದ ಬೇರೆ ಸಂಸ್ಥೆಗಳು ರಾಜಿ ಮಾಡ್ಕೊಂಡ್ವು. ಸರ್ಕಾರ ಹೇಳಿದ ನಾಲ್ಕು ಕೆಲಸ ಪುಕ್ಕಟೆ ಮಾಡಿಕೊಟ್ರೆ ಮುಗೀತು!”

“ನಿಮ್ಮಪ್ಪ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ರು ಪ್ರೆಸ್ಟನ್.” ಹೆಸ್ಟರ್ ದನಿ ಏರಿಸಲಿಲ್ಲ. ಕೋರ್ಟಿನಲ್ಲಿ ನ್ಯಾಯಾಧೀಶರನ್ನೇ ಬೆವರಿಸಿದ ಹೆಂಗಸು, ಈ ಹುಡುಗ ಯಾವ ಲೆಕ್ಕ. “ಪುಕ್ಕಟೆ ಕೆಲಸ ಇರಲಿ. ಆ ಕಕ್ಷಿದಾರರನ್ನ ಕೈಬಿಡಿ ಅಂತಾರಲ್ಲ, ಅದಕ್ಕೇನು ಮಾಡ್ತೀಯಾ?”

“ಯಾರೋ ಒಬ್ಬರಿಗೋಸ್ಕರ ಇಷ್ಟು ಜನ ಬೀದಿಗೆ ಬೀಳ್ಬೇಕಾ?”

“ಆ ಯಾರೋ ಒಬ್ಬರು ನಮ್ಮನ್ನ ನಂಬಿ ಬಂದಿದ್ದಾರೆ. ವಕೀಲಿಕೆ ಅಂದ್ರೆ ಅಷ್ಟೇನೇ.”

ಕೀಲ್ ಸರ್ರನೆ ಎದ್ದ. ಕುರ್ಚಿಯ ಮೇಲಿದ್ದ ಮಳೆಕೋಟನ್ನು ಎಳೆದು ತೋಳಿಗೆ ಹಾಕಿಕೊಂಡ. ಆ ರಭಸಕ್ಕೆ ಕೋಟಿನ ಒಳಮಗ್ಗಲು ತಿರುಗಿ, ಜೇಬಿನ ಹತ್ತಿರ ಏನೋ ಕೆಂಪಗೆ ಕಂಡಿತು.

ಅಂಗೈಯಗಲದ ಸ್ಟಿಕರ್. ಉದ್ದಕ್ಕೂ ಕೆಂಪು ಗೀರು.

ಅಂಥದೇ ಸ್ಟಿಕರನ್ನು ಬೆಳಿಗ್ಗೆ ತಾನೆ ಹೊರೇಸ್ ಮುದುಕನಿಗೆ ಅಂಟಿಸಿದ್ದ. ಅಂಟಿಸಿದಾಗ ಬೆಳ್ಳಗಿರುತ್ತದೆ. ಒಂದು ದಿನ ಕಳೆದರೆ ತಾನಾಗಿ ಒಳಗಿನಿಂದ ಕೆಂಪು ಒಸರಿ ಗೀರು ಮೂಡುತ್ತದೆ. ಮಾರನೆಯ ದಿನ ಅದನ್ನೇ ತೋರಿಸಿ ಒಳನುಗ್ಗಬಾರದೆಂದು ಹಾಗೆ ಮಾಡಿದ್ದಾರೆ. ಹೊರಬಂದ ಕೂಡಲೇ ಕಿತ್ತು ಕೈಗೆ ಸಿಕ್ಕಲ್ಲಿ ಅಂಟಿಸುವುದು ಈ ಊರಿನ ವಕೀಲರ ಚಾಳಿ. ದೀಪದ ಕಂಬ, ಕಸದ ಡಬ್ಬಿ, ಊಟದ ಡಬ್ಬಿ ಯಾವುದನ್ನೂ ಬಿಡುವುದಿಲ್ಲ. ಕೀಲ್ ಬೀದಿಯಲ್ಲಿ ಕಾಗದ ಬಿಸಾಡುವಂಥವನಲ್ಲ. ತನ್ನ ಕೋಟಿಗೇ ಅಂಟಿಸಿಕೊಂಡು ಮರೆತಿದ್ದ.

ಅವನ ಹಿಂದೆಯೇ ಹೋಗಿ, ಅವನ ಕೋಣೆಯ ಬಾಗಿಲು ನಾನೇ ಹಾಕಿದೆ.

“ಏನ್ರೀ ಬ್ರಾಡ್‌ನ್ಯಾಕ್ಸ್, ಹೇಳದೆ ಕೇಳದೆ?”

“ಕೋಟು ಕೊಡಿ ಸಾಹೇಬ್ರೇ.”

“ಯಾಕೆ?”

“ಒಳಗೆ ಏನೋ ಅಂಟಿದೆ. ಇಷ್ಟು ಒಳ್ಳೆ ಬಟ್ಟೆ, ಹಾಳಾಗುತ್ತೆ.”

ಕೀಲ್ ತಾನೇ ಕೋಟು ತಿರುಗಿಸಿ ನೋಡಿದ. ಮುಖ ಬಿಳುಚಿತು. ಸ್ಟಿಕರಿನ ಮೇಲೆ ಇಲಾಖೆಯ ಮುದ್ರೆ, ಅದರ ಕೆಳಗೆ ಶುಕ್ರವಾರದ ತಾರೀಖು, ಎರಡೂ ದಪ್ಪಗೆ ಕಾಣುತ್ತಿದ್ದವು.

“ಗುರುವಾರ ಸಂಜೆ ಆರ್ಡರ್ ಬಂತು,” ಎಂದೆ. “ಶುಕ್ರವಾರ ನೀವು ಒಳಗಿದ್ರಿ. ಸೀಲಿಯಾನ ಬಾಗಿಲಲ್ಲೇ ತಡೀತಾರೆ, ನಿಮಗೆ ಮಾತ್ರ ಸ್ಟಿಕರ್ ಹಾಕಿ ಕರ್ಕೊಂಡ್ರಾ? ಅಷ್ಟು ದೊಡ್ಡ ನೆಂಟಸ್ತನ ಯಾವಾಗ ಆಯ್ತು?”

“ಹೆಸ್ಟರ್‌ಗೆ ಹೇಳ್ಬೇಡಿ.”

“ಅದು ನೀವು ಹೇಳೋದರ ಮೇಲಿದೆ.”

ಅವನು ಕುಸಿದು ಕುಳಿತ. ಟೈ ಸಡಿಲಿಸಿಕೊಂಡ. ದೊಡ್ಡ ಮನುಷ್ಯರು ಹೀಗೆ ಕುಸಿಯುವುದನ್ನು ಠಾಣೆಯಲ್ಲಿ ಬೇಕಾದಷ್ಟು ನೋಡಿದ್ದೇನೆ, ಆದರೂ ನೋಡಲು ಹಿತವಾಗುವುದಿಲ್ಲ.

“ಅವರೇ ಫೋನ್ ಮಾಡಿದ್ರು. ಹಿಂದಿನ ಬಾಗಿಲಿಗೆ ಬನ್ನಿ, ಮಾತಾಡೋಣ ಅಂದ್ರು. ಏನು ಮಾಡಿದ್ರೆ ಬಿಡ್ತೀರಿ ಅಂತ ಕೇಳೋಕೆ ಹೋದೆ. ಅಷ್ಟೇ ರೀ!”

“ಅದಕ್ಕೆ ಮೊದಲು ಅವರಿಗೆ ಕಕ್ಷಿದಾರರ ಸುದ್ದಿ ಕೊಟ್ಟಿದ್ದು?”

“ನಾನಾ?” ಅವನು ನಿಜವಾಗಿಯೂ ಬೆಚ್ಚಿದ. “ಅಂಥ ಒಬ್ಬರಿದ್ದಾರೆ ಅಂತ ನನಗೆ ಗೊತ್ತಾಗಿದ್ದೇ ಆರ್ಡರ್ ಓದಿ. ಅದು ಗಂಡೋ ಹೆಣ್ಣೋ ಇವತ್ತಿಗೂ ಗೊತ್ತಿಲ್ಲ. ಹೆಸ್ಟರ್ ನನಗೆ ಏನಾದ್ರೂ ಹೇಳಿದ್ರೆ ತಾನೆ? ಮಗು ಅಂದ್ಕೊಂಡಿದ್ದಾರೆ ನನ್ನ!”

ಸುಳ್ಳು ಹೇಳುವವನು ಇಷ್ಟು ಸಿಟ್ಟಾಗುವುದಿಲ್ಲ. ಅವನ ಮಾತಿನಲ್ಲಿ ತರ್ಕವೂ ಇತ್ತು. ಅವನು ಹೋದದ್ದು ಆದೇಶ ಬಂದ ಮೇಲೆ. ಆದೇಶದಲ್ಲಿ ಆ ಸಾಲು ಅದಕ್ಕೆ ಮೊದಲೇ ಇತ್ತು. ಇವನು ಹೇಡಿ ಇರಬಹುದು, ಸುದ್ದಿ ಮಾರಿದವನಲ್ಲ. ನನ್ನ ಕೈಗೆ ಸಿಕ್ಕ ದಾರ ಮತ್ತೆ ಜಾರಿತು.

ಹೊರಟವನು, ಪೊಲೀಸ್ ಕೆಲಸದ ಹಳೆಯ ಅಭ್ಯಾಸದಿಂದ ಕೊನೆಯದೊಂದು ಪ್ರಶ್ನೆ ಕೇಳಿದೆ.

“ನಿಮ್ಮನ್ನ ಹಿಂದಿನ ಬಾಗಿಲಿಂದ ಮೇಲಕ್ಕೆ ಕರ್ಕೊಂಡು ಹೋಗಿದ್ದು ಯಾರು?”

“ಯಾರೋ ಒಬ್ಬ ಹೆಂಗಸು. ಪಾಪ, ತುಂಬಾ ಮರ್ಯಾದಸ್ಥೆ. ಕಾಫಿ ತಗೊಳ್ತೀರಾ ಅಂತೆಲ್ಲ ಕೇಳಿದ್ಲು. ಮೀಟಿಂಗಲ್ಲೂ ಮೂಲೇಲಿ ಕೂತಿದ್ಲು. ಒಂದೇ ಸಲ ಬಾಯಿಬಿಟ್ಟಿದ್ದು. ‘ಹೆಸ್ಟರ್ ಅಮ್ಮ ರಾಜಿಗೆ ಒಪ್ಪೋರಲ್ಲ, ಇವರ ಹತ್ರ ಮಾತಾಡಿ ಪ್ರಯೋಜನ ಇಲ್ಲ’ ಅಂದ್ಲು. ಹೆಸ್ಟರ್ ಸ್ವಭಾವ ಈಕೆಗೆ ಹೇಗೆ ಗೊತ್ತು ಅಂತ ಆಶ್ಚರ್ಯ ಆಯ್ತು ನನಗೆ.”

ಬಾಗಿಲ ಹಿಡಿಯಿಂದ ಕೈ ತೆಗೆದು ಅವನ ಕಡೆ ತಿರುಗಿದೆ.

“ಹೆಸರು?”

“ಕೊರಳ ಕಾರ್ಡಲ್ಲಿತ್ತು. ಹ… ಹಸ್ಕೆಟ್. ಹೌದು, ಹಸ್ಕೆಟ್. ಯಾಕ್ರೀ, ನಿಮಗೆ ಗೊತ್ತಾ?”

ತಾನು ಏನು ಹೇಳಿದೆನೆಂದು ಅವನಿಗೆ ಗೊತ್ತೇ ಇರಲಿಲ್ಲ. ನಾನು ಹೊರಗೆ ಬಂದು ಗೋಡೆಗೆ ಒರಗಿ ನಿಂತೆ.

ಎಂಥ ದಡ್ಡರು ನಾವು! ನಾಲ್ಕು ದಿನದಿಂದ ಒಬ್ಬರ ಮುಖ ಒಬ್ಬರು ಕಳ್ಳರನ್ನು ನೋಡಿದಂತೆ ನೋಡಿಕೊಂಡಿದ್ದೆವು. ಗುಟ್ಟು ಬಯಲಾಯಿತೆಂದರೆ ವಕೀಲರ ಮನೆಯಲ್ಲಿ ಮೊದಲು ತಮ್ಮವರನ್ನೇ ತಡಕುತ್ತಾರೆ. ಗುಮಾಸ್ತರ ಜೇಬು, ಕಿರಿಯರ ಫೋನು, ಯಾವುದನ್ನೂ ಬಿಡುವುದಿಲ್ಲ. ಕಕ್ಷಿದಾರರ ಕಡೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಗುಟ್ಟು ಅವರದು, ಕಾಯಬೇಕಾದವರು ನಾವು ಎಂದೇ ಈ ಕಸುಬಿನವರ ತಲೆಯಲ್ಲಿ ಕೂತಿದೆ. ಪೊಲೀಸಿನವನಾದ ನಾನೂ ಇವರ ಜೊತೆ ಇದ್ದು ಇವರಂತೆಯೇ ಆಗಿಹೋಗಿದ್ದೆ.

ಡೋರೀನ್ ಬಗ್ಗೆ ಸರ್ಕಾರಕ್ಕೆ ಹೇಳಿದವಳು ಡೋರೀನೇ. ಅವರು ಬೀಸಿದ ಗಾಳದ ಹುಳು ಅವಳು. ಶುಕ್ರವಾರ ಕೀಲ್‌ಗೆ ಕಾಫಿ ಬೇಕೇ ಎಂದು ಕೇಳಿದವಳು ಭಾನುವಾರ ನನ್ನ ಬಾಗಿಲಲ್ಲಿ ನಿಂತು ಅತ್ತಿದ್ದಳು. ಆ ಕಣ್ಣೀರು ಒರೆಸಲು ಕರ್ಚೀಫು ಕೊಟ್ಟವನು ನಾನು. ಕಳ್ಳರಿಗೆ ಆಶ್ರಯ ಕೊಟ್ಟಿದ್ದಾರೆ ಎಂದು ಗುರುವಾರ ಬರೆದ ಸುಳ್ಳನ್ನು ಭಾನುವಾರ ನಿಜ ಮಾಡಿದವನೂ ನಾನೇ. ಸರ್ಕಾರದ ಲ್ಯಾಪ್‌ಟಾಪು ಈಗ ನನ್ನಕ್ಕನ ಮಂಚದ ಕೆಳಗಿತ್ತು.

ಅಕ್ಕನಿಗೆ ಫೋನು ಹಚ್ಚಿದೆ. ಬಹಳ ಹೊತ್ತು ರಿಂಗಾಯಿತು.

“ಏನೋ ಮತ್ತೆ?” ಎಂದಳು ಅಕ್ಕ.

“ಅಕ್ಕಾ, ಡೋರೀನ್ ಎಲ್ಲಿ?”

“ಇಲ್ಲೇ ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಅಲ್ವೋ, ಆಗಿನಿಂದ ಮನೆ ಮುಂದೆ ಕರೀ ಕಾರು ನಿಂತಿದೆ, ಒಳಗೆ ಇಬ್ಬರು ಸೂಟು ಹಾಕ್ಕೊಂಡೋರು. ನಿಮ್ಮ ಆಫೀಸಿನೋರಾ? ಕಾಫಿ ಕೊಟ್ಟು ಬರ್ಲಾ?”

“ಬೇಡ! ಅಕ್ಕಾ, ನನ್ನ ಮಾತು ಕೇಳು, ನೀನು ಈಗಲೇ ಹಿಂದಿನ ಬಾಗಿಲಿಂದ…”

“ತಡಿ, ಅವಳು ಫೋನ್ ಕೇಳ್ತಿದ್ದಾಳೆ.”

ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ ಡೋರೀನಳ ದನಿ.

“ಕೀಲ್ ಅವರು ಹೇಳಿದ್ರು ಅನ್ಸುತ್ತೆ.”

ಫೋನನ್ನು ಕಿವಿಗೆ ಒತ್ತಿ ಹಿಡಿದೆ.

“ನಿಮ್ಮಕ್ಕ ಬಹಳ ಒಳ್ಳೆಯವರು ಬ್ರಾಡ್‌ನ್ಯಾಕ್ಸ್ ಅವರೇ. ಅವರಿಗೆ ತೊಂದರೆ ಆಗೋದು ನನಗೂ ಇಷ್ಟ ಇಲ್ಲ. ಹೊರಗಿರೋರು ನಾನು ಕರೆಯೋ ತನಕ ಒಳಗೆ ಬರಲ್ಲ. ಬಂದ್ರೆ ಮಂಚದ ಕೆಳಗೇ ನೋಡ್ತಾರೆ. ಆ ಬ್ಯಾಗು ಅಲ್ಲಿಟ್ಟಿದ್ದು ನೀವು. ಮನೆ ಅವರದು.”

“ಏನು ಬೇಕು ನಿಮಗೆ?”

“ನನ್ನ ಹೆಸರು ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ರಲ್ಲ. ಆ ಮಾತು ಉಳಿಸ್ಕೊಳ್ಳಿ, ಸಾಕು. ಸಭೇಲಿ ನಿಮ್ಮನ್ನ ಕೇಳ್ತಾರೆ. ಆ ಹುಡುಗೀನೇ ಹೇಳಿದ್ದು ಅನ್ನಿ. ಎಲ್ಲರೂ ಆಗಲೇ ಹಾಗೇ ಅಂದ್ಕೊಂಡಿದ್ದಾರೆ.”

“ಡೋರೀನ್, ನಿಮ್ಮ ಕೈಲಿ ಇದನ್ನ ಯಾರು ಮಾಡಿಸ್ತಿದ್ದಾರೆ?”

ಅವಳ ದನಿ ನಡುಗಿತೋ, ನನ್ನ ಕಿವಿಯೇ ಹಾಗೆ ಕೇಳಿಸಿಕೊಂಡಿತೋ, ಇವತ್ತಿಗೂ ಹೇಳಲಾರೆ.

“ಫೋನ್ ಕಟ್ ಮಾಡ್ಬೇಡಿ,” ಎಂದಳು. “ಹಾಗೇ ಜೇಬಲ್ಲಿಟ್ಕೊಂಡು ಒಳಗೆ ಹೋಗಿ. ನಾನು ಕೇಳಿಸ್ಕೊಳ್ತಿರ್ತೀನಿ.”

ಅಷ್ಟರಲ್ಲಿ ಸಭಾಕೋಣೆಯ ಬಾಗಿಲು ತೆರೆದು, ಹೆಸ್ಟರ್ ಅವರ ಕಾರ್ಯದರ್ಶಿ ನನ್ನನ್ನು ಕೈಸನ್ನೆ ಮಾಡಿ ಕರೆದಳು. ಫೋನನ್ನು ಎದೆಯ ಜೇಬಿಗೆ ಇಳಿಬಿಟ್ಟು ಒಳಗೆ ಹೋದೆ.

ಉದ್ದನೆಯ ಮೇಜಿನ ಸುತ್ತ ಪಾಲುದಾರರೆಲ್ಲ ಕುಳಿತಿದ್ದರು. ಕೀಲ್ ನನ್ನನ್ನು ಕಂಡು ತಲೆ ತಗ್ಗಿಸಿದ. ಸೀಲಿಯಾಳನ್ನು ಕೂರಿಸಿರಲಿಲ್ಲ, ಗೋಡೆಯ ಪಕ್ಕ ನಿಲ್ಲಿಸಿದ್ದರು. ಅವಳು ನನ್ನ ಮುಖ ನೋಡಿದಳು. ನಾನು ಏನೋ ಕಂಡುಹಿಡಿದಿದ್ದೇನೆಂದು ಅವಳಿಗೆ ಹೊಳೆದಿರಬೇಕು. ಇಡೀ ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಕಳೆ ಬಂತು.

“ಕೂತ್ಕೋ ಬ್ರಾಡ್,” ಎಂದರು ಹೆಸ್ಟರ್.

“ನಿಂತೇ ಇರ್ತೀನಿ ಮೇಡಂ.”

“ಯಾರು ಅಂತ ಗೊತ್ತಾಯ್ತಾ?”

“ಗೊತ್ತಾಯ್ತು.”

ನನ್ನ ಎದೆಯ ಹತ್ತಿರ, ನನಗೊಬ್ಬನಿಗೇ ಕೇಳುವಷ್ಟು ಸಣ್ಣಗೆ, ನನ್ನಕ್ಕ ಪಾತ್ರೆ ತೊಳೆಯುತ್ತ ಏನೋ ಹಾಡಿಕೊಳ್ಳುತ್ತಿದ್ದಳು.

“ಹೆಸರು ಹೇಳು,” ಎಂದರು ಹೆಸ್ಟರ್.